ಏಳನೇ ಕ್ಲಾಸಿನ ರೋಬೋಟ್ ಮೇಷ್ಟ್ರು

ಕಾಲಿಗೆ ಚಕ್ರ ಕಟ್ಟಿಕೊಂಡವನಿಗೆ ಇಂಥ ಪ್ರಸಂಗಗಳು ಊರೂರಲ್ಲೂ ಕಾದು ಕೂತಿರುತ್ತವೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಅರಕಲಗೂಡಲ್ಲಿ ಮೋಟರ್ ವೈಂಡಿಂಗ್, ಚನ್ನರಾಯಪಟ್ಟಣದಲ್ಲಿ ಟೇಪ್‌ರೆಕಾರ್ಡರ್ ರಿಪೇರಿ. ಎಲ್ಲೂ ಮೂರು ತಿಂಗಳು ನಿಂತವನಲ್ಲ. ಎರಡು ಸಾವಿರದ ಐದಾರರ ಸುಮಾರು ಹೊಳೆನರಸೀಪುರದಲ್ಲಿದ್ದಾಗ ಹೈಸ್ಕೂಲಿನ ವಿಜ್ಞಾನದ ಮೇಡಂ ಮಿಕ್ಸಿ ರಿಪೇರಿಗೆ ತಂದರು. ಮಿಕ್ಸಿ ಸರಿಹೋಯಿತು, ನಾನು ಸಿಕ್ಕಿಬಿದ್ದೆ. ಹಾಸನದ ಸ್ಪರ್ಧೆಗೆ ಐದು ಮಕ್ಕಳಿಗೆ ರೋಬೋಟ್ ಮಾಡೋದು ಹೇಳಿಕೊಡಬೇಕಂತೆ. ನಾನು ಓದಿದ್ದೇ ಏಳನೇ ಕ್ಲಾಸು ಅಂತ ಮಕ್ಕಳೆದುರೇ ಹೇಳಿದೆ, ಯಾರೂ ಬಿಡಲಿಲ್ಲ.

೧. ಗುರಿ

ಮೊದಲು ಗುರಿ ಬರೆಯಿರಿ ಅಂದರು ಮೇಡಂ. ಮಕ್ಕಳು ಬೋರ್ಡ್ ಮೇಲೆ ಬರೆದರು: ರೋಬೋಟ್ ಮುದ್ದೆ ತಿರುವಬೇಕು. ಎರಡನೇ ವಾರ ಅದನ್ನು ಅಳಿಸಿ, ಒಂದು ಲೋಟ ನೀರು ತಂದುಕೊಡಬೇಕು ಅಂತ ಬರೆದರು. ತಿಂಗಳಾಗುವಷ್ಟರಲ್ಲಿ, ಹತ್ತಡಿ ಹೋಗಿ ಗೆರೆ ಮುಟ್ಟಿದರೆ ಸಾಕು ಅನ್ನೋ ಹಂತಕ್ಕೆ ಬಂದಿದ್ದೆವು. ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತು ಓದಿದರು.

"ಇನ್ನೊಂದು ವಾರ ಬಿಟ್ರೆ ಸುಮ್ನೆ ಕೂತಿದ್ರೆ ಸಾಕು ಅಂತೀರ. ಅದಕ್ಕೆ ನಮ್ಮ ಅಟೆಂಡರ್ ಇಲ್ವಾ?"

೨. ನಿರೀಕ್ಷೆ

ಆಮೇಲೆ, ಒಬ್ಬರಿಂದ ಒಬ್ಬರು ಏನು ನಿರೀಕ್ಷಿಸುತ್ತೀರಿ ಅಂತ ಮೇಡಂ ಚೀಟಿ ಬರೆಸಿದರು. ನನ್ನ ಪಾಲಿಗೆ ಬಂದ ಐದೂ ಚೀಟಿಯಲ್ಲಿ ಒಂದೇ ಮಾತು: ಸ್ಪರ್ಧೆ ಮುಗಿಯೋ ತನಕ ಊರು ಬಿಡಬಾರದು.

ಅಷ್ಟರಲ್ಲಾಗಲೇ ನನ್ನ ಕಾಲು ತುರಿಸುತ್ತಿತ್ತು. ಮಾರನೇ ಬೆಳಿಗ್ಗೆ ಬ್ಯಾಗು ಹಿಡಿದು ಬಸ್‌ಸ್ಟ್ಯಾಂಡಿಗೆ ಹೋದರೆ, ಟೀಮಿನ ಲೀಡರ್, ಹರದನಹಳ್ಳಿ ಹುಡುಗಿ, ಎದುರಿಗೇ ಬಸ್ ಇಳಿದಳು.

"ಎತ್ಲಾಗ್ ವಂಟ್ಯಣ್ಣ?"

ಬೆಸುಗೆಗೆ ಲೆಡ್ಡು ತರೋಕೆ ಅಂದೆ.

"ಇಷ್ಟು ದೊಡ್ ಬ್ಯಾಗ್ ತುಂಬ ಲೆಡ್ ಬ್ಯಾಡ ಕಣಣ್ಣ," ಅಂತ ಬ್ಯಾಗು ಕಿತ್ತುಕೊಂಡು ಶಾಲೆ ಕಡೆ ನಡೆದೇಬಿಟ್ಟಳು. ಇವತ್ತಿಗೂ ಅವಳನ್ನು ನೆನೆದು ಕೈಮುಗಿಯುತ್ತೇನೆ. ಅವತ್ತು ಮಾತ್ರ ಅವಳ ಹಿಂದೆ ಹೋದದ್ದು ಬ್ಯಾಗಿನಲ್ಲಿದ್ದ ನನ್ನ ಪ್ಯಾಂಟುಗಳಿಗೋಸ್ಕರ.

೩. ಹಾಸನ

ಸ್ಪರ್ಧೆಯಲ್ಲಿ ಸ್ವಿಚ್ ಒತ್ತಿದರೆ ರೋಬೋಟ್ ಹಿಂದಕ್ಕೆ ಹೊರಟಿತು. ಬಸ್ಸಿನ ಕುಲುಕಾಟಕ್ಕೆ ಕಿತ್ತುಬಂದಿದ್ದ ವೈರುಗಳನ್ನು ಅವಸರದಲ್ಲಿ ಅದಲುಬದಲು ಬೆಸೆದವನು ನಾನೇ. ಬಿಚ್ಚೋಕೆ ಹೊತ್ತಿಲ್ಲ. ಹುಡುಗಿ ಅದನ್ನೆತ್ತಿ, ಬೆನ್ನು ಗೆರೆ ಕಡೆಗೆ ತಿರುಗಿಸಿ ಇಟ್ಟಳು. ಹತ್ತಡಿ ಹಿಮ್ಮುಖ ಹೋಗಿ ಗೆರೆ ಮುಟ್ಟಿತು. ಇದೇನಮ್ಮ ಅಂದರು ತೀರ್ಪುಗಾರರು.

"ಗೆರೆ ಮುಟ್ಬೇಕು ಅಂತ ಗುರಿ ಬರ್ಕೊಂಡಿದ್ವಿ ಸಾ. ಮಕ ಯಾವ ಕಡೆ ಇರ್ಬೇಕು ಅಂತ ಬರ್ದಿರ್ನಿಲ್ಲ."

ಅವರು ನಕ್ಕು ಮೂರನೇ ಬಹುಮಾನ ಕೊಟ್ಟರು.

ಸರ್ಟಿಫಿಕೇಟಿಗೆ ತರಬೇತಿ ಕೊಟ್ಟವರ ವಿವರ ತುಂಬಬೇಕಿತ್ತು. 'ವಿದ್ಯಾರ್ಹತೆ' ಅನ್ನೋ ಜಾಗ ಬಂದಾಗ ನಾನು ನೀರು ಕುಡಿಯೋ ನೆಪದಲ್ಲಿ ಆಚೆ ಹೋದೆ. ವಾಪಸ್ ಬಂದು ನೋಡಿದರೆ ಹುಡುಗಿ ಮುದ್ದಾದ ಅಕ್ಷರದಲ್ಲಿ ತುಂಬಿಬಿಟ್ಟಿದ್ದಳು:

"ಏಳನೇ ತರಗತಿ. ಇನ್ನೂ ಓದುತ್ತಿದ್ದಾರೆ."