ಪಿಚ್ಚರಿನಲ್ಲಿ ಇಲ್ಲದ ಎಮ್ಮೆ

ನಾನು ಮಾತಿನಿಂದಲೇ ಹೊಟ್ಟೆ ಹೊರೆಯುವವನು. ಶಹಾಪುರದ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನದ ಮಾಸ್ತರ. ಶಾಲೆಯಲ್ಲಿ ನಾನೊಬ್ಬನೇ ಮಾತನಾಡುತ್ತೇನೆ, ಮನೆಯಲ್ಲಿ ನನ್ನ ಹೆಂಡತಿ ಬಸ್ಸಮ್ಮ ಒಬ್ಬಳೇ ಮಾತನಾಡುತ್ತಾಳೆ. ಈ ಒಪ್ಪಂದದ ಮೇಲೆ ನಮ್ಮ ಸಂಸಾರ ಸುಗಮವಾಗಿ ಸಾಗಿತ್ತು. ಆದರೆ ಈ ಮಳೆಗಾಲದಲ್ಲಿ ಬಸ್ಸಮ್ಮನೂ ದನಿ ತಗ್ಗಿಸಿಬಿಟ್ಟಿದ್ದಳು. ಕಾರಣ, ನನ್ನ ಅಕ್ಕ ಮರಿಲಿಂಗಮ್ಮ.

ಅಕ್ಕನನ್ನು ಕೊಂಕಲ್‌ಗೆ ಕೊಟ್ಟಿತ್ತು. ಭತ್ತದ ನಾಟಿ ನಡೆದಿದ್ದಾಗ ಅವಳ ಗಂಡ, ನಮ್ಮ ಮಾವ ದುರಗಪ್ಪ ಕೆಸರಿನಲ್ಲಿ ನಿಂತವರು ನಿಂತ ಹಾಗೆಯೇ ಕುಸಿದರು. ಟಂಟಂ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಕ್ಕಳಿಲ್ಲದ ಅಕ್ಕನನ್ನು ನಾನು ಕರೆದುಕೊಂಡು ಬಂದೆ. ಅವಳು ಮಣ್ಣು ಕೊಟ್ಟ ದಿನವೂ ಅಳಲಿಲ್ಲ, ಆಮೇಲೂ ಅಳಲಿಲ್ಲ. ಕಸ ಹೊಡೆಯುತ್ತಾಳೆ, ಅಕ್ಕಿ ಆರಿಸುತ್ತಾಳೆ, ಕೇಳಿದ್ದಕ್ಕೆ ‘ಹೂಂ’ ಅಥವಾ ‘ಉಹೂಂ’. ತಟ್ಟೆಯ ಮುಂದೆ ಕೂತರೆ ಕೂತೇ ಇರುತ್ತಾಳೆ. ಡಾಕ್ಟರು ನಾಡಿ ನೋಡಿ, “ರೋಗ ಏನಿಲ್ಲ, ಮನಸ್ಸು ಹಗುರಾಗಬೇಕು” ಎಂದರು. ಅದಕ್ಕೆ ಗುಳಿಗೆ ಮಾತ್ರ ಬರೆದುಕೊಡಲಿಲ್ಲ.

ಆಗ ನನ್ನ ತಲೆಯಲ್ಲಿ ಆ ದಿವ್ಯ ಯೋಜನೆ ಉದಯಿಸಿತು. (ನನ್ನ ದಿವ್ಯ ಯೋಜನೆಗಳ ಬಗ್ಗೆ ಬಸ್ಸಮ್ಮನ ಅಭಿಪ್ರಾಯ ಇಲ್ಲಿ ಅಪ್ರಸ್ತುತ.)

ನಾವು ಸಣ್ಣವರಿದ್ದಾಗ ನಮ್ಮೂರ ಹತ್ತಿರ ಕಾಲುವೆ ತೋಡುತ್ತಿದ್ದರು. ಕೂಲಿಗಳ ಕ್ಯಾಂಪಿನ ಪಕ್ಕದಲ್ಲಿ ಒಂದು ಟೆಂಟ್ ಟಾಕೀಸು. ಅಲ್ಲಿಗೆ ಅಕ್ಕ ನನ್ನನ್ನು ಕರೆದೊಯ್ದಿದ್ದಳು. ಒಂದೇ ಗುದ್ದಿಗೆ ಹತ್ತು ಜನರನ್ನು ಉರುಳಿಸುವ ಫೈಟಿಂಗ್ ಹೀರೊ, ಆ ಪಿಚ್ಚರಿನಲ್ಲಿ ಮನೆಯಳಿಯನಾಗಿದ್ದ. ಅತ್ತೆಯ ಕೈಗಲ್ಲದೆ ಬೇರೆ ಯಾರ ಕೈಗೂ ಹಾಲು ಕೊಡದ ಎಮ್ಮೆಗೆ ಮೋಸ ಮಾಡಲು, ಆ ಭೀಮಕಾಯ ಅತ್ತೆಯ ಸೀರೆ ಉಟ್ಟು, ಸೆರಗು ಹೊದ್ದು, ಸಣ್ಣ ದನಿಯಲ್ಲಿ “ಬಾರ ನನ್ನವ್ವ” ಎಂದು ಕರೆಯುತ್ತಾನೆ! ಎಮ್ಮೆ ಅವನ ಮೀಸೆ ನೆಕ್ಕುತ್ತದೆ! ಇವತ್ತಿಗೂ ಪರೀಕ್ಷೆಯ ಕೋಣೆಯಲ್ಲಿ ಅದು ನೆನಪಾದರೆ ನಾನು ಕರ್ಚೀಫು ಬಾಯಿಗೆ ಒತ್ತಿಕೊಳ್ಳುತ್ತೇನೆ. ಆ ಎಮ್ಮೆಯನ್ನು ತೋರಿಸಿದರೆ ಅಕ್ಕ ನಗದೆ ಎಲ್ಲಿಗೆ ಹೋಗುತ್ತಾಳೆ?

ಮೊಬೈಲ್ ಅಂಗಡಿಯ ಶರೀಫಸಾಬ ಎಲ್ಲೆಲ್ಲೋ ಹುಡುಕಿ ಆ ಪಿಚ್ಚರನ್ನು ಪೆನ್ ಡ್ರೈವಿಗೆ ಹಾಕಿಕೊಟ್ಟ. ಭಾನುವಾರ ಮಧ್ಯಾಹ್ನ ಟಿವಿಯ ಮುಂದೆ ಚಾಪೆ ಹಾಸಿ ಅಕ್ಕನನ್ನು ಕೂಡಿಸಿದೆ. ಬಾಜೂ ಮನೆಯ ಅಖ್ತರಬೇಗಂ ಅವರನ್ನೂ ಕರೆದೆ. ನಗುವವರು ಹೆಚ್ಚಿದ್ದಷ್ಟೂ ಒಳ್ಳೆಯದು ಎಂದು ನನ್ನ ಲೆಕ್ಕಾಚಾರ.

ಪಿಚ್ಚರು ಶುರುವಾಯಿತು. ದೊಡ್ಡ ಬಂಗಲೆ. ಹೀರೊನ ಮಾವನ ಟೋಪನ್ ಗಾಳಿಗೆ ಹಾರಿತು. ನಾನು ಜೋರಾಗಿ ನಕ್ಕೆ. ಯಾರೂ ಜೊತೆಗೂಡಲಿಲ್ಲ. ಒಬ್ಬ ದಪ್ಪ ಮನುಷ್ಯ ನೀರಿನ ಹೌದಿಗೆ ಬಿದ್ದ. ಬಿದ್ದು ಎದ್ದ, ಮತ್ತೆ ಬಿದ್ದ. ಬೇಗಂ ಆಕಳಿಸಿದರು.

“ತಡೀರಿ, ಎಮ್ಮಿ ಬರ್ತದ,” ಎಂದೆ.

ಹೀರೊ ಹೆಂಡತಿಯ ಕಪಾಳಕ್ಕೆ ಬಿಟ್ಟ. ಅವಳು ಅವನ ಕಾಲು ಹಿಡಿದಳು. ಹಿಂದೆ ಢಂಯ್ ಎಂದು ತಮಾಷೆಯ ಸಂಗೀತ.

ಬಸ್ಸಮ್ಮ ನನ್ನ ಕಡೆ ತಿರುಗಿದಳು. “ಇದಕ್ಕ ನಗಬೇಕೇನ್ರಿ?”

“ಇದಕ್ಕಲ್ಲ. ಎಮ್ಮಿ ಬರ್ಲಿ.”

“ಈಶಪ್ಪ ಸರ್,” ಬೇಗಂ ಮೆಲ್ಲಗೆ ಕೇಳಿದರು, “ಇಂಥಾ ಬಂಗ್ಲೆದಾಗ ಎಮ್ಮಿ ಎಲ್ಲಿ ಕಟ್ತಾರ್ರಿ? ಸೋಫಾಕ್ಕ ಕಟ್ತಾರೇನು?”

ಅಕ್ಕ ಗೋಡೆಗೆ ಒರಗಿ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಹಾಡು ಬಂತು, ಅಳು ಬಂತು, ತಪ್ಪೊಪ್ಪಿಗೆ ಬಂತು, ಎಲ್ಲರೂ ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡರು. ‘ಶುಭಂ’ ಕೂಡ ಬಂತು. ಎಮ್ಮೆ ಬರಲಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ಶರೀಫಸಾಬನಿಗೆ ಫೋನು ಹಚ್ಚಿದೆ.

“ಏನಪಾ, ಪಿಚ್ಚರ್ ಕಟ್ ಮಾಡಿ ಕೊಟ್ಟೀಯೇನು? ಎಮ್ಮಿ ಎಲ್ಲಿ ಹೋಯ್ತು?”

“ಎಮ್ಮಿ?” ಅವನು ಗಾಬರಿಯಾದ. “ಸರ್, ಖುದಾಕಿ ಕಸಮ್, ನಮ್ಮ ಅಂಗಡಿ ಕಡಿ ಯಾವ ಎಮ್ಮಿನೂ ಬಂದಿಲ್ರಿ. ದನಾ ಕೂಡಿಹಾಕೋ ಕೋಂಡವಾಡದಾಗ ಕೇಳ್ರಿ.”

ಆಗ ಗೋಡೆಯ ಕಡೆಯಿಂದ ದನಿಯೊಂದು ಬಂತು. ಮಾವ ಹೋದ ಮೇಲೆ ನಾವು ಆ ದನಿಯಲ್ಲಿ ಒಂದು ಪೂರ್ತಿ ಮಾತು ಕೇಳಿದ್ದು ಅದೇ ಮೊದಲು.

“ಅವನಿಗ್ಯಾಕ ಬೈತಿಯೋ ಈಶ್ಯಾ. ಪಿಚ್ಚರದಾಗ ಎಮ್ಮಿ ಇಲ್ಲ. ಎಮ್ಮಿ ನಂದು.”

ನಾನು ಫೋನು ಕೆಳಗಿಟ್ಟೆ.

“ನೀ ಪಿಚ್ಚರ್ ಎಲ್ಲಿ ನೋಡಿದ್ಯೋ?” ಅಕ್ಕ ಟಿವಿಯ ಕಡೆಗೇ ನೋಡುತ್ತ ಹೇಳಿದಳು. “ಅತ್ತಿ ಅವನಿಗೆ ಕಪಾಳಕ್ಕ ಹೊಡದ್ಲು, ಅವ ತಿರುಗಿ ಹೊಡೀಲಿಲ್ಲ. ನೀ ‘ಹೊಡಿ, ಹೊಡಿ’ ಅಂತ ಎದ್ದು ನಿಂತು ಚೀರಿದಿ. ಹೊಡೀಲಿಲ್ಲ ಅಂತ ಹೊಯ್ಕೊಂಡಿ. ಚಡ್ಡಿನೂ ಒದ್ದಿ ಮಾಡಿಕೊಂಡಿ. ಮಂದಿ ಬೈದ್ರು, ನಿನ್ನ ಬಗಲಾಗ ಹಾಕ್ಕೊಂಡು ಹೊರಗ ಬಂದೆ.”

“ಯವ್ವಾ, ಮಾಸ್ತರು!” ಎಂದಳು ಬಸ್ಸಮ್ಮ. ಅಷ್ಟು ಸಂತೋಷ ಅವಳ ಮುಖದ ಮೇಲೆ ನಮ್ಮ ಮದುವೆಯಲ್ಲೂ ಇರಲಿಲ್ಲ.

“ಮುಂದ?” ಬೇಗಂ ಚಾಪೆಯ ಮೇಲೆ ಮುಂದೆ ಸರಿದರು.

“ಮುಂದೇನ್ರಿ. ಊರ ಮಂದಿ ಎಲ್ಲಾ ಒಳಗ. ಕತ್ತಲದಾಗ ಇಬ್ಬರೇ ಹ್ಯಾಂಗ ಹೋಗೂದು? ಮಣ್ಣಿನ ದಿಬ್ಬಿ ಮ್ಯಾಲ ಕುಂತ್ವಿ. ಇವನ ಅಳು ನಿಲ್ಲವಲ್ದು. ಒಳಗ ಮಂದಿ ಘೊಳ್ಳಂತ ನಕ್ರು. ಯಾಕ ನಕ್ರಕ್ಕಾ ಅಂದ. ನನಗೇನು ಗೊತ್ತು? ಎಮ್ಮಿ ಬಂತು, ಅದಕ್ಕ ನಕ್ರು ಅಂದೆ. ಮತ್ತ ನಕ್ರು. ಹೀರೊ ಸೀರಿ ಉಟ್ಟ ಅಂದೆ. ಅವರು ನಕ್ಕಾಗೊಮ್ಮೆ ನಾ ಒಂದೊಂದು ಹುಟ್ಟಿಸಿ ಹೇಳಿದೆ.” ಅಕ್ಕ ಟಿವಿಯ ಕಡೆ ಕೈ ಮಾಡಿದಳು. “ಆ ಪಿಚ್ಚರ್ ನೋಡಬೇಕಂತ ಭಾಳ ಆಸಿ ಇತ್ತು ನನಗ. ಇವತ್ತೇ ನೋಡಿದೆ. ಏನೂ ಇಲ್ಲ ಅದರಾಗ.”

ನನ್ನ ಜೀವಮಾನದ ನೆಚ್ಚಿನ ಚಿತ್ರವನ್ನು ನಾನು ನೋಡಿಯೇ ಇರಲಿಲ್ಲ! ಅದನ್ನು ಅರಗಿಸಿಕೊಳ್ಳಲು ನನಗೆ ಯಾರೂ ಪುರಸತ್ತು ಕೊಡಲಿಲ್ಲ. ಬಸ್ಸಮ್ಮ ಅಕ್ಕನ ಹತ್ತಿರ ಸರಿದು, “ಎಮ್ಮಿ ಕಥಿ ಪೂರಾ ಹೇಳ್ರಿ ಅಕ್ಕಾ,” ಎಂದಳು. ಅಕ್ಕ ಹೇಳಿದಳು. ಬೇಗಂ ನಕ್ಕು ನಕ್ಕು ದುಪಟ್ಟಾದಲ್ಲಿ ಕಣ್ಣೊರೆಸಿಕೊಂಡರು. ಅಕ್ಕನ ತುಟಿಯ ಅಂಚೂ ಅಲುಗಿದಂತೆ ಕಂಡಿತು. ನನ್ನ ಯೋಜನೆ ಗೆದ್ದಿತು ಎಂದು ನಾನು ಒಳಗೊಳಗೇ ಬೀಗಿದೆ.

“ಈ ಕಥಿ ನಮ್ಮವರಿಗೂ ಹೇಳಿದ್ದೆ,” ಅಕ್ಕ ಅದೇ ಉಸಿರಿನಲ್ಲಿ ಅಂದಳು. “ಒಂದ್ಸಲ ನನಗ ಭಾಳ ಜ್ವರ. ನಮ್ಮ ಎಮ್ಮಿ ಅವರಿಗೆ ಮುಟ್ಟಗೊಡ್ತಿದ್ದಿಲ್ಲ. ನನ್ನ ಸೀರಿ ಉಟ್ಟು, ಸೆರಗು ಹೊತ್ತು ಹಿಂಡಾಕ ಹೋದ್ರು. ಎಮ್ಮಿ ಝಾಡಿಸಿ ಒದೀತು. ಚರಗಿ ಎಲ್ಲೋ, ಇವರೆಲ್ಲೋ. ಸಗಣಿ ಮೈಲೇ ಒಳಗ ಬಂದು, ನಿನ್ನ ಪಿಚ್ಚರದಾಗ ಒದೀತಿದ್ದಿಲ್ಲಲ್ಲ ಅಂತ ನನಗೇ ಬೈದ್ರು...”

ಮಾತು ಅಲ್ಲಿಗೆ ಮುರಿಯಿತು. ಬಾಯಿಗೆ ಸೆರಗು ಒತ್ತಿಕೊಂಡಳು. ನಗುತ್ತಿದ್ದಾಳೆ ಎಂದುಕೊಂಡೆ. ಅಲ್ಲ. ನಾಟಿಯ ಕಾಲದಿಂದ ತಡೆದುಕೊಂಡಿದ್ದ ಅಳುವೆಲ್ಲ ಒಂದೇ ಸಲಕ್ಕೆ ಹೊರಗೆ ಬಂತು. ಬೇಗಂ ಅವಳ ತಲೆಯನ್ನು ತಮ್ಮ ಎದೆಗೆ ಒರಗಿಸಿಕೊಂಡರು. ಎರಡು ವರ್ಷದ ಹಿಂದೆ ಗಂಡನನ್ನು ಕಳೆದುಕೊಂಡಿದ್ದ ಅವರೂ ಅತ್ತರು. ಇಬ್ಬರನ್ನೂ ನೋಡಿ ಬಸ್ಸಮ್ಮ ಅತ್ತಳು. ನಡುವೆ ಮುಖವೆತ್ತಿ, “ನಗಸ್ತೀನಿ ಅಂದಿದ್ರಿ,” ಎಂದು ನನಗೊಂದು ಮಾತು ಚುಚ್ಚಿ, ಮತ್ತೆ ಅಳು ಮುಂದುವರಿಸಿದಳು.

ಅಳುವ ಹೆಂಗಸರ ನಡುವೆ ಗಂಡಸಿಗೆ ಸ್ಥಳವೆಲ್ಲಿ? ನಾನು ಅಡುಗೆಮನೆಗೆ ಪಲಾಯನ ಮಾಡಿದೆ. ಹೊತ್ತು ಇಳಿಯುತ್ತಿತ್ತು. ಅಕ್ಕನ ಹೊಟ್ಟೆಗೆ ಏನಾದರೂ ಬೀಳಲಿ ಎಂದು ಜೋಳದ ಹಿಟ್ಟು ನಾದಿ ರೊಟ್ಟಿ ತಟ್ಟಲು ಕೂತೆ. ತಟ್ಟಿದಲ್ಲೆಲ್ಲ ಹರಿಯಿತು. ಹರಿದಲ್ಲಿ ತೇಪೆ ಹಾಕಿದೆ. ತೇಪೆ ಹಾಕಿದಲ್ಲಿ ಸೀದಿತು. ಕಡೆಗೆ ಒಂದಿಷ್ಟನ್ನು ತಟ್ಟೆಯಲ್ಲಿಟ್ಟು, ಬದನೆಕಾಯಿ ಪಲ್ಯದ ಜೊತೆ ಅಕ್ಕನ ಮುಂದಿಟ್ಟೆ.

ಅವಳು ಮೂಗೊರೆಸಿಕೊಂಡು ರೊಟ್ಟಿಯನ್ನು ಎತ್ತಿ, ಬೆಳಕಿಗೆ ಹಿಡಿದು ನೋಡಿದಳು.

“ಈಶ್ಯಾ, ಇದೇನೋ? ಇದರ ಮ್ಯಾಲ ನಿಮ್ಮ ಸಾಲಿ ಹುಡುಗರಿಗೆ ನಕಾಶಿ ತೋರಸ್ತಿಯೇನು? ಇದು ಬೀದರ, ಇದು ರಾಯಚೂರು... ಏ ಬಸ್ಸಮ್ಮ, ಬಾಯಿಲ್ಲಿ, ಯಾದಗಿರಿ ಸುಟ್ಟು ಕರಕಾಗೇದ ನೋಡು!”

ಹೇಳಿ ನಕ್ಕಳು. ಕೆಂಪಾಗಿ ಊದಿದ ಕಣ್ಣುಗಳಲ್ಲೇ, ಸದ್ದು ಮಾಡಿ ನಕ್ಕಳು. ಮೂವರೂ ನಕ್ಕರು. ಬೇಗಂ ತಮ್ಮ ಮನೆಯಿಂದ ಬಿಸಿ ಖಿಚಡಿ ತಂದರು. ಅಕ್ಕ ಅದನ್ನು ಕಲಸಿ ಕಲಸಿ ತಿಂದಳು, ಇನ್ನಷ್ಟು ಹಾಕಿಸಿಕೊಂಡು ತಿಂದಳು. ನನಗೂ ಕೊಡಿ ಎಂದು ತಟ್ಟೆ ಚಾಚಿದರೆ, ಬಸ್ಸಮ್ಮ ನನ್ನ ತಟ್ಟೆಗೆ ಇಡೀ ಹೈದರಾಬಾದ್ ಕರ್ನಾಟಕವನ್ನೇ ಬಡಿಸಿ, “ನೀವು ಮಾಡಿದ್ದು ನೀವೇ ತಿನ್ರಿ,” ಎಂದಳು. ಗೋಡೆಯ ಕಡೆ ಮುಖ ಮಾಡಿ ಕೂತು, ಗಡಿ ಜಿಲ್ಲೆಗಳಿಂದ ಶುರುಮಾಡಿದೆ.