ಇಳೀರಿ ಮೇಷ್ಟ್ರ ಟರ್ಬೊ

ಆ ಏರು ಒಂದಿಲ್ಲದಿದ್ದರೆ ಈ ರಾದ್ಧಾಂತ ಯಾವುದೂ ಆಗುತ್ತಿರಲಿಲ್ಲ. ಶಾಲೆ ಗುಡ್ಡದ ನೆತ್ತಿಯ ಮೇಲೆ, ಮನೆ ಗುಡ್ಡದ ಬುಡದಲ್ಲಿ. ಪ್ರಯೋಗಾಲಯದ ಮೇಷ್ಟ್ರ ಪುಟ್ಟ ಕಾರು ನಾಲ್ವರು ಸಹೋದ್ಯೋಗಿಗಳನ್ನು ಹೊತ್ತು ಏರಿನ ಅರ್ಧಕ್ಕೆ ಬಂದು ಏದುಸಿರು ಬಿಡುತ್ತ ನಿಂತುಬಿಡುತ್ತಿತ್ತು. ಮೇಷ್ಟ್ರು ಹಿಂದಕ್ಕೆ ತಿರುಗಿ, ಸಂಕೋಚದಿಂದ, "ಸ್ವಲ್ಪ ಇಳೀರಿ" ಎನ್ನುತ್ತಿದ್ದರು. ದಿನಾ ಇದೇ ಕತೆ. ಹೀಗಾಗಿ ಮಕ್ಕಳ ಬಾಯಲ್ಲಿ ಅವರು 'ಇಳೀರಿ ಮೇಷ್ಟ್ರು' ಆದರು. ಹೆಡ್ಮಾಸ್ಟರು ಕೂಡ ತುಂಬಿದ ಸಭೆಯಲ್ಲಿ ಮೈಮರೆತು ಹಾಗೇ ಕರೆದುಬಿಟ್ಟ ದಿನ ಮೇಷ್ಟ್ರಿಗೆ ರೋಷ ಉಕ್ಕಿತು.

ಹದಿನೆಂಟು ವರ್ಷ ಮಕ್ಕಳಿಗೆ ಗಾಳಿಯ ಒತ್ತಡದ ಪಾಠ ಮಾಡಿದವರು ಅವರು. ಕಾರಿಗೆ ಉಸಿರು ಸಾಲದು, ತುಂಬಿದರಾಯಿತು ಎಂದು ತೀರ್ಮಾನಿಸಿದರು. ಗುಜರಿ ಅಂಗಡಿಯಿಂದ ಯಾವುದೋ ಹಳೇ ವ್ಯಾನಿನ ಟರ್ಬೊ ತಂದರು. ನೋಡಲು ಬಸವನಹುಳುವಿನ ಚಿಪ್ಪಿನ ಹಾಗಿತ್ತು. ಎಂಜಿನ್ ಬಿಡುವ ಹೊಗೆಯೇ ಅದರೊಳಗಿನ ಚಕ್ರ ತಿರುಗಿಸಬೇಕು, ಚಕ್ರ ಹೊಸ ಗಾಳಿಯನ್ನು ಎಂಜಿನ್ನಿನ ಗಂಟಲಿಗೆ ತುರುಕಬೇಕು. ವ್ಯಾಕ್ಯೂಮ್ ಕ್ಲೀನರಿನ ಪೈಪು, ಹಾಲಿನ ಪುಡಿಯ ಖಾಲಿ ಡಬ್ಬ, ಹನ್ನೆರಡು ಕ್ಲಿಪ್ಪು ಸೇರಿಸಿ ಭಾನುವಾರವಿಡೀ ಶೆಡ್ಡಿನಲ್ಲಿ ಕೂತು ಜೋಡಿಸಿದರು.

ಪಕ್ಕದ ಮನೆಯ ಪ್ಲಂಬರ್ ಕಾಂಪೌಂಡ್ ಗೋಡೆಯ ಮೇಲೆ ಗದ್ದ ಊರಿ ಬೆಳಿಗ್ಗೆಯಿಂದ ನೋಡುತ್ತಲೇ ಇದ್ದ. "ಮೇಷ್ಟ್ರೇ, ಆ ಮೂರನೇ ಕ್ಲಿಪ್ಪು ಸಡಿಲ ಇದೆ."

"ನಿನಗೇನಪ್ಪಾ ಗೊತ್ತು ಟರ್ಬೊ?"

"ಟರ್ಬೊ ಗೊತ್ತಿಲ್ಲ. ಆದ್ರೆ ಪೈಪು ಅಂದ್ಮೇಲೆ ಎಲ್ಲೋ ಒಂದು ಕಡೆ ಸೋರೇ ಸೋರುತ್ತೆ. ನೀರಾದ್ರೇನು, ಗಾಳಿಯಾದ್ರೇನು."

ಮಧ್ಯಾಹ್ನ ಮೂರಕ್ಕೆ ಮೇಷ್ಟ್ರು ಕಾರು ಶುರು ಮಾಡಿ ಮೆಲ್ಲಗೆ ಆಕ್ಸಿಲೇಟರ್ ಒತ್ತಿದರು. ಬಾನೆಟ್ಟಿನೊಳಗಿಂದ ಒಂದು ದನಿ ಬಂತು. "ಹ್ಞೂಂ..." ಬೆಚ್ಚಿ ಕಾಲು ತೆಗೆದರು. "ಚ್ಚ್!" ಎಂದಿತು.

ಮೇಷ್ಟ್ರ ತೋಳಿನ ರೋಮವೆಲ್ಲ ಎದ್ದು ನಿಂತಿತು. ಆ ದನಿ ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದು ಅವರ ಮಾವನ ದನಿ. ಮಾವ ತೀರಿಕೊಂಡು ಎರಡು ವರ್ಷವಾಗಿತ್ತು, ಕಾರೂ ಅವರದೇ. ಬದುಕಿದ್ದಾಗ ಮನೆಯವರೊಂದಿಗೆ ಆ ಮನುಷ್ಯ ಆಡಿದ್ದು ಎರಡೇ ಮಾತು. ಒಪ್ಪಿಗೆಯಾದರೆ ಗಂಟಲಲ್ಲೇ "ಹ್ಞೂಂ", ಇಲ್ಲವಾದರೆ ನಾಲಗೆ ಲೊಚಗುಟ್ಟಿ "ಚ್ಚ್". ನಲವತ್ತು ವರ್ಷದ ಸಂಸಾರವನ್ನು ಇವೆರಡರಲ್ಲೇ ಮುಗಿಸಿ ಹೋಗಿದ್ದರು.

ಹೆಂಡತಿ ಒಗೆಯುತ್ತಿದ್ದ ಬಟ್ಟೆ ಬಿಟ್ಟು ಓಡಿಬಂದಳು. "ಯಾರ್ರೀ ಅದು? ಅಪ್ಪ ಕೂಗಿದ ಹಾಗಾಯ್ತು!"

"ಅಪ್ಪನೂ ಇಲ್ಲ, ಅಜ್ಜನೂ ಇಲ್ಲ. ಟರ್ಬೊ ಕಣೇ. ಪೈಪಲ್ಲಿ ಗಾಳಿ ನುಗ್ಗೋ ಸದ್ದು."

"ಏನಾದ್ರೂ ಆಗ್ಲಿ, ಕಿತ್ತಾಕಿ ಅದನ್ನ. ನಾಳೆ ಅಮ್ಮ ಈ ಗಾಡೀಲೇ ಕೂರ್ಬೇಕು. ಅವಳ ಕಿವಿಗೆ ಬಿದ್ರೆ ಎದೆ ಒಡ್ಕೊಳ್ತಾಳೆ."

"ಆಯ್ತು ಮಾರಾಯ್ತಿ, ಕೀಳ್ತೀನಿ."

ಕೀಳಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಅವರ ತಲೆಯಲ್ಲಿ ಒಂದು ಹುಳ ಹೊಕ್ಕಿತ್ತು. ಕಾರು ಇನ್ನೂ ಮಾವನ ಹೆಸರಲ್ಲೇ ಇತ್ತು. ಸೋಮವಾರ ಬೆಳಿಗ್ಗೆ ಅತ್ತೆ ನೋಂದಣಿ ಕಚೇರಿಗೆ ಬಂದು ಯಾರಾದರೊಬ್ಬ ಅಳಿಯನ ಹೆಸರಿಗೆ ಸಹಿ ಹಾಕಬೇಕಿತ್ತು. ಚಿಕ್ಕಳಿಯ ಇವರು. ದೊಡ್ಡಳಿಯ ಇವರ ಷಡ್ಡಕ, ಮನೆಯಲ್ಲಿ ಆಗಲೇ ಎರಡು ಕಾರಿದ್ದರೂ ಇದರ ಮೇಲೂ ಕಣ್ಣಿಟ್ಟವನು. ಕಾರು ಕೈಬಿಟ್ಟರೆ ಮೇಷ್ಟ್ರು ಆ ಏರನ್ನು ದಿನಾ ನಡೆದೇ ಹತ್ತಬೇಕು. ಅತ್ತೆ ಮಾತ್ರ ಯಾರಿಗೂ ಹ್ಞೂಂ ಅಂದಿರಲಿಲ್ಲ. ಕೇಳಿದಾಗಲೆಲ್ಲ, "ಅವರಿದ್ದಿದ್ರೆ ಹೇಳ್ತಿದ್ರು" ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು.

ಅವರೇ ಹೇಳಿದರೆ? ಮೇಷ್ಟ್ರು ತಮ್ಮ ಬಲಗಾಲನ್ನು ಹೆಮ್ಮೆಯಿಂದ ನೋಡಿಕೊಂಡರು. ಸಂಜೆ ಅತ್ತೆಯನ್ನೂ ಷಡ್ಡಕನನ್ನೂ ಕರೆತರಲು ಬಸ್ ನಿಲ್ದಾಣಕ್ಕೆ ನಡೆದುಕೊಂಡೇ ಹೋದರು. ಕಾರು ತೆಗೆದರೆ ಗುಟ್ಟು ಮೊದಲೇ ರಟ್ಟಾಗುತ್ತಿತ್ತಲ್ಲ.

ಸೋಮವಾರ ಒಂಬತ್ತಕ್ಕೆ ಹೊರಟರು. ಕಚೇರಿಯೂ ಗುಡ್ಡದ ಮೇಲೇ, ಶಾಲೆಯ ಆಚೆ. ಷಡ್ಡಕ ಮುಂದಿನ ಸೀಟು ತುಂಬಿ ಕೂತ. ಹಿಂದೆ ಹೆಂಡತಿ ಮತ್ತು ಅತ್ತೆ. ಹಿಂದೆ ನೋಡುವ ಕನ್ನಡಿ ಯಾಕೋ ಕೆಳಮುಖವಾಗಿತ್ತು. ಮೇಷ್ಟ್ರು ಸರಿ ಮಾಡಿದರು. ನೂರು ಗಜ ಹೋಗುವಷ್ಟರಲ್ಲಿ ಅದು ಮತ್ತೆ ತಾನಾಗಿ ಬಗ್ಗಿತು. ಹಾಗೆ ಬಗ್ಗಿದರೆ ಅದು ಕುಳ್ಳಗಿದ್ದ ಮಾವನಿಗೆ ಸರಿಹೋಗುತ್ತಿತ್ತು. ಸ್ಕ್ರೂ ಸವೆದಿರಬೇಕು ಎಂದುಕೊಂಡರು.

ಬೀದಿ ತಿರುಗಿದ ಮೇಲೆ ಮೇಷ್ಟ್ರು ಕಾಲು ಒತ್ತಿದರು.

"ಹ್ಞೂಂ..."

ಅತ್ತೆ ಸೀಟಿನ ಅಂಚಿಗೆ ಬಂದರು. ಕಿಟಕಿಗಳೆಲ್ಲ ಮುಚ್ಚಿದ್ದರೂ ಕಾರಿನೊಳಗೆ ತಣ್ಣನೆಯ ಗಾಳಿ ಸುಳಿದಂತಾಯಿತು. "ರೀ..." ಎಂದರು ಅತ್ತೆ, ನಡುಗುವ ದನಿಯಲ್ಲಿ. "ನೀವೇನಾ?"

"ಹ್ಞೂಂ..."

"ಎರಡು ವರ್ಷ ಆಯ್ತಲ್ರೀ! ಒಂದು ಸಲ ಕನಸಲ್ಲಾದ್ರೂ ಬರಬಾರದಿತ್ತಾ?" ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಿಕ್ಕಿದರು. ಮೇಷ್ಟ್ರಿಗೆ ಒಂದು ಕ್ಷಣ ತಮ್ಮ ಮೇಲೆ ತಮಗೇ ಅಸಹ್ಯವಾಯಿತು. ಇಷ್ಟು ಮುದುಕಿಯನ್ನು ಅಳಿಸಿ ಕಾರು ಲಪಟಾಯಿಸುವ ತಾನೆಂಥ ಮನುಷ್ಯ! ಆದರೆ ಎದುರಿಗೆ ಗುಡ್ಡ ಕಾಣಿಸಿತು, ಸಭೆಯಲ್ಲಿ ನಕ್ಕ ಮುಖಗಳು ನೆನಪಾದವು, ಅಸಹ್ಯ ಇಳಿಯಿತು. ಕನ್ನಡಿಯನ್ನು ಮತ್ತೆ ಎತ್ತಿ ನೋಡಿದರೆ ಹೆಂಡತಿಯ ಮುಖ ಸುಣ್ಣದಂತೆ ಬಿಳಿಚಿತ್ತು, ಕಣ್ಣು ಕೆಕ್ಕರಿಸಿತ್ತು. ಕೀಳ್ತೀನಿ ಅಂದು ಕೀಳದ್ದಕ್ಕೆ ಸಿಟ್ಟು ಎಂದುಕೊಂಡು ಮೇಷ್ಟ್ರು ಅವಳಿಗೊಮ್ಮೆ ಕಣ್ಣು ಹೊಡೆದರು.

"ಈ ಗಾಡಿ ದೊಡ್ಡಳಿಯಂದ್ರಿಗೆ ಕೊಡ್ಲೇನ್ರೀ?" ಅತ್ತೆ ಕೇಳಿದರು.

ಮೇಷ್ಟ್ರು ಕಾಲೆತ್ತಿದರು. "ಚ್ಚ್!"

"ಚಿಕ್ಕಳಿಯಂದ್ರಿಗೆ?"

ಒತ್ತಿದರು. "ಹ್ಞೂಂ..."

ಷಡ್ಡಕ ಬೆವರಿಬಿಟ್ಟಿದ್ದ. ಆದರೂ ಸುಲಭಕ್ಕೆ ಬಿಡುವ ಆಸಾಮಿ ಅಲ್ಲ. "ಯಾಕೆ ಮಾವ, ನಾನೇನು ತಪ್ಪು ಮಾಡಿದ್ದೀನಿ? ನಿಮ್ಮ ಒಂದು ಕಡ್ಡೀನಾದ್ರೂ ಮುಟ್ಟಿದ್ದೀನಾ?" ಎಂದು ಡ್ಯಾಶ್‌ಬೋರ್ಡಿಗೆ ಮುಖ ಕೊಟ್ಟು ಕೇಳಿದ.

ಆಗ ಕಾರು ಏರಿನ ಬುಡಕ್ಕೆ ಬಂದಿತ್ತು, ಮೇಷ್ಟ್ರ ಕಾಲು ಆಕ್ಸಿಲೇಟರಿನ ಮೇಲೆ ಭದ್ರವಾಗಿತ್ತು. ಹೊಸದಾಗಿ ಒತ್ತಲೂ ಇಲ್ಲ, ಎತ್ತಲೂ ಇಲ್ಲ. ಆದರೂ ಬಂತು, ಉದ್ದಕ್ಕೆ, ಜೋರಾಗಿ.

"ಹ್ಞೂಂಂಂ..."

ಷಡ್ಡಕ ಕೈಗಡಿಯಾರ ಬಿಚ್ಚಿ, ಹಿಂದಕ್ಕೆ ಕೈ ಚಾಚಿ, ಅತ್ತೆಯ ಮಡಿಲಲ್ಲಿಟ್ಟ. "ಮಾವನ್ನ ಆಸ್ಪತ್ರೆಗೆ ಸೇರಿಸಿದ ದಿನ ಮೇಜಿನ ಮೇಲಿತ್ತು. ಹಾಳಾಗ್ಬಾರದು ಅಂತ ತೆಗೆದಿಟ್ಕೊಂಡಿದ್ದೆ ಅಷ್ಟೇ."

ಗಡಿಯಾರದ ವಿಷಯ ಮೇಷ್ಟ್ರಿಗೆ ಗೊತ್ತೇ ಇರಲಿಲ್ಲ. ಏರಿಗೆ ಗಾಳಿ ಜಾಸ್ತಿ ನುಗ್ಗಿರಬೇಕೆಂದು ಸಮಾಧಾನ ಹೇಳಿಕೊಂಡರು. ಕಾರು ಒಬ್ಬರನ್ನೂ ಇಳಿಸದೆ, ಏದುಸಿರಿಲ್ಲದೆ, ನೆತ್ತಿ ಮುಟ್ಟಿತು. ಹತ್ತೂವರೆಗೆ ಸಹಿ ಬಿತ್ತು. ಅತ್ತೆ ಕಾಗದ ಕೊಡುತ್ತ, "ಅವರು ಇದರಲ್ಲೇ ಇದ್ದಾರೆ ಅಳಿಯಂದ್ರೇ. ಯಾವತ್ತೂ ಮಾರಬೇಡಿ. ಅವರು ಹೇಳಿದ ಹಾಗೆ ಕೇಳಿ" ಎಂದರು. ಮೇಷ್ಟ್ರು ವಿನಯದಿಂದ ತಲೆಯಾಡಿಸಿದರು.

ಮನೆಗೆ ಬಂದಾಗ ಹನ್ನೊಂದು ದಾಟಿತ್ತು. ಮಧ್ಯಾಹ್ನದ ಪಾಳಿಯ ಶಾಲೆ. ಬೀದಿಯ ಮೂಲೆಯಲ್ಲಿ ಸಹೋದ್ಯೋಗಿಗಳು ಕಾಯುತ್ತಿರುತ್ತಾರೆ. ಅತ್ತೆ, ಷಡ್ಡಕ ಒಳಗೆ ಹೋದರು. ಹೆಂಡತಿ ಇಳಿದವಳು ಶೆಡ್ಡಿನ ಗೋಡೆಗೊರಗಿ ನಿಂತೇ ಇದ್ದಳು. ಅಷ್ಟರಲ್ಲಿ ಕಾಂಪೌಂಡಿನ ಮೇಲಿಂದ ಪ್ಲಂಬರ್ ಒಂದು ಗೋಣಿಚೀಲ ಚಾಚಿದ.

"ತಗೊಳ್ಳಿ ಮೇಷ್ಟ್ರೇ ನಿಮ್ಮ ಬಸವನಹುಳು. ನಿನ್ನೆ ನೀವು ಬಸ್ ನಿಲ್ದಾಣಕ್ಕೆ ಹೋದಾಗ ಅಕ್ಕಾವ್ರು ಬಿಚ್ಚಿಕೊಡು ಅಂದ್ರು. ಪೈಪು, ಡಬ್ಬ, ಹನ್ನೆರಡು ಕ್ಲಿಪ್ಪು, ಎಲ್ಲಾ ಇದೆ. ಗಾಡಿ ಮೊದಲು ಹೇಗಿತ್ತೋ ಹಾಗೇ ಜೋಡಿಸಿದ್ದೀನಿ."

ಮೇಷ್ಟ್ರು ಬಾನೆಟ್ ಎತ್ತಿದರು. ಮಾವ ಬಿಟ್ಟುಹೋದ ದಿನದಷ್ಟೇ ಶುದ್ಧವಾಗಿ ಎಂಜಿನ್ ಕೂತಿತ್ತು.

"ನನಗೆ ಕೈಕಾಲೆಲ್ಲಾ ತಣ್ಣಗಾಗಿತ್ತು ಕಣ್ರೀ," ಎಂದಳು ಹೆಂಡತಿ ಪಿಸುದನಿಯಲ್ಲಿ. "ನೀವು ನೋಡಿದ್ರೆ ಕಣ್ಣು ಹೊಡೀತೀರಿ! ಇವತ್ತು ಗಾಡಿ ಬಿಟ್ಟು ನಡ್ಕೊಂಡೇ ಹೋಗಿ."

ಹೋಗಬಹುದಿತ್ತು. ಆದರೆ ಅತ್ತೆ ಕಿಟಕಿಯಲ್ಲಿ ನಿಂತು ಕಾರಿಗೆ ಕೈಬೀಸುತ್ತಿದ್ದರು. ಮೇಷ್ಟ್ರು ಬಾನೆಟ್ ಮುಚ್ಚಿ, ಅಪರಿಚಿತರ ಮನೆಗೆ ಹೊಕ್ಕವರಂತೆ ಮುದುಡಿಕೊಂಡು ಡ್ರೈವರ್ ಸೀಟಿನಲ್ಲಿ ಕೂತರು.

ಮೂಲೆಯಲ್ಲಿ ನಾಲ್ವರೂ ಹತ್ತಿಕೊಂಡರು. ಏರಿನ ಅರ್ಧಕ್ಕೆ ಕಾರು ನಿಂತಿತು. ಮೇಷ್ಟ್ರು ಬಾಯಿ ಬಿಡುವ ಮೊದಲೇ ಬಾಗಿಲುಗಳು ತೆರೆದವು. "ಗೊತ್ತು ಬಿಡಿ ಸಾರ್, ಇಳೀತೀವಿ," ಎಂದರು ಡ್ರಿಲ್ ಮೇಷ್ಟ್ರು. ನಾಲ್ವರೂ ಇಳಿದರೂ ಕಾರು ಕದಲಲಿಲ್ಲ. ಇದು ಎಂದೂ ಆಗಿದ್ದಿಲ್ಲ.

ಮೇಷ್ಟ್ರು ಸ್ಟಿಯರಿಂಗಿಗೆ ಬಗ್ಗಿ ಪಿಸುಗುಟ್ಟಿದರು. "ಮಾವಾ, ಹತ್ತೋಣ್ವಾ?"

"ಚ್ಚ್!"

"ತಪ್ಪಾಯ್ತು ಮಾವಾ. ನಿಮ್ಮ ದನಿ ಕದ್ದಿದ್ದು ತಪ್ಪು. ಕ್ಷಮಿಸ್ತೀರಾ?"

ಕನ್ನಡಿ ಕಿರ್ರೆಂದು ಕೆಳಗೆ ಬಗ್ಗಿತು.

"ಹಾಗಾದ್ರೆ... ನಾನೂ ಇಳೀಲಾ?"

"ಹ್ಞೂಂ..."

ಎಂಥ ನೆಮ್ಮದಿಯ ಹ್ಞೂಂ ಅದು! ಮೇಷ್ಟ್ರು ಇಳಿದು, ಬಾಗಿಲನ್ನು ಮೆಲ್ಲಗೆ ಮುಚ್ಚಿ, ರಸ್ತೆಯ ಪಕ್ಕಕ್ಕೆ ಸರಿದು ನಿಂತರು. ಕಾರು ಯಾರೂ ಇಲ್ಲದೆ ಹೊರಟಿತು. ಮಾವ ಓಡಿಸುತ್ತಿದ್ದಂತೆ ನಲವತ್ತರ ಮೇಲೆ ಕೂದಲೆಳೆಯಷ್ಟೂ ಹೆಚ್ಚಿಲ್ಲದೆ, ರಸ್ತೆಯ ಎಡ ಬಿಡದೆ, ಸರಾಗವಾಗಿ ಏರು ಹತ್ತಿತು. ಶಾಲೆಯ ಗೇಟು ಬಂದಾಗ ಬಲಗಡೆಯ ಇಂಡಿಕೇಟರ್ ಹಾಕಿ, ಎದುರು ಬರುವ ಸೈಕಲ್ಲಿಗೆ ದಾರಿ ಕೊಟ್ಟು, ಒಳಗೆ ತಿರುಗಿತು.

ನಾಲ್ವರೂ ಕತ್ತು ಚಾಚಿ ಗೇಟಿನತ್ತ ನೋಡಿದರು. ಕೊನೆಗೆ ಗಣಿತದ ಮೇಡಂ ಕೇಳಿದರು. "ಮೇಷ್ಟ್ರೇ, ಗಾಡಿ ನಿಮ್ಮ ಹೆಸರಿಗೆ ಆಯ್ತಾ?"

"ಆಯ್ತು ಮೇಡಂ, ಇವತ್ತು ಬೆಳಿಗ್ಗೆ," ಎಂದು ಇಳೀರಿ ಮೇಷ್ಟ್ರು ಪ್ಯಾಂಟಿನ ಕಾಲು ಮಡಚಿಕೊಂಡು ಏರು ಹತ್ತತೊಡಗಿದರು.