ಉಬ್ಬು ಯಾವ ಕಡೆ

ಉಬ್ಬು ಹೊರಗಿತ್ತೋ, ಒಳಗಿತ್ತೋ? ಒರೆಸುವ ಮುನ್ನ ನೋಡಿಕೊಳ್ಳಬೇಕಿತ್ತು. ಧೂಳು ತೆಗೆಯಲೆಂದು ಉಂಗುರ ಸಡಿಲಿಸಿದ್ದೇ ತಪ್ಪಾಯಿತು. ಮಾವನ ಹಳೆಯ ಲೆನ್ಸಿನ ಮುಂದಿನ ಗಾಜು ಈಗ ಅಳಿಯನ ಅಂಗೈಯಲ್ಲಿ ಗೂಡಿನಿಂದ ಬಿದ್ದ ಮರಿಯಂತೆ ಕುಳಿತಿತ್ತು.

ಅದನ್ನು ಮುಟ್ಟಕೂಡದೆಂದು ಮಾವ ಹೇಳಿದ್ದರು. ಸಂಜೆ ಫೋಟೊ ಸ್ಟುಡಿಯೊದ ಕೀಲಿಕೈಯನ್ನು ಅಳಿಯನಿಗೆ ಒಪ್ಪಿಸುವುದೆಂದೂ ಹೇಳಿದ್ದರು.

ಗೋಡೆಯ ಮೇಲೆ ಕಟ್ಟು ಹಾಕಿಸಿದ ಆ ಲೆನ್ಸಿನ ನಕ್ಷೆಯಿತ್ತು. ನೂರು ವರ್ಷದ ಹಿಂದೆ ಯಾರೋ ಕಾಗದದ ಮೇಲೆ ಲೆಕ್ಕ ಹಾಕಿ ಜೋಡಿಸಿದ ಮೂರೇ ಮೂರು ಗಾಜು. ಅದರಲ್ಲಿ ಉಬ್ಬು ಹೊರಗಿತ್ತು. ಹಾಗೆಯೇ ಕೂರಿಸಿ ಉಂಗುರ ಬಿಗಿದ.

ಮಧ್ಯಾಹ್ನ ಮಾವ ಲೆನ್ಸನ್ನು ಕ್ಯಾಮೆರಾಕ್ಕೆ ಸಿಕ್ಕಿಸಿ, ಅತ್ತೆಯನ್ನೂ ಪಕ್ಕದಂಗಡಿಯ ಕ್ಷೌರಿಕನನ್ನೂ ಎದುರಿಗೆ ಕೂರಿಸಿದರು.

"ಮುಖದ ಸುತ್ತ ಕೆನೆ ಕಟ್ಟಿದ ಹಾಗೆ ಬೆಳಕು ಬರುತ್ತೆ, ನೋಡ್ತಿರಿ. ಇದನ್ನ ಮಾಡಿದೋನು ಸಾಮಾನ್ಯದವನಲ್ಲ."

ಕ್ಯಾಮೆರಾದ ಪರದೆಯಲ್ಲಿ ಕೆನೆ ಇರಲಿಲ್ಲ. ಅತ್ತೆಯ ಒಂದೊಂದು ಸುಕ್ಕೂ ಉತ್ತ ಹೊಲದ ಸಾಲಿನಂತೆ ಎದ್ದು ನಿಂತಿತ್ತು.

"ಇದ್ಯಾರ್ರೀ ಈ ಮುದುಕಿ?" ಎಂದರು ಅತ್ತೆ.

"ನನ್ನ ಮೂಗಲ್ಲಿ ಇಷ್ಟು ಕೂದಲಾ?" ಎಂದ ಕ್ಷೌರಿಕ. "ಗಿರಾಕಿಗಳು ನೋಡಿದ್ರೆ ಅಂಗಡಿ ಮುಚ್ಚಬೇಕು, ಅಷ್ಟೇ."

ಮಾವ ಕುರ್ಚಿಯಲ್ಲಿ ಕುಸಿದರು. "ಇದು ನನ್ನ ಲೆನ್ಸಲ್ಲ. ಯಾರೋ ಬದಲಾಯಿಸಿಬಿಟ್ಟಿದ್ದಾರೆ."

"ಯಾರಾದ್ರೂ ಬಿಚ್ಚಿದ್ರೋ ಏನೋ," ಎಂದರು ಅತ್ತೆ. "ಮದುವೆಯಾದ ಹೊಸದರಲ್ಲಿ ನೀವೂ ಒಂದ್ಸಲ ಬಿಚ್ಚಿ ಒರೆಸಿದ್ರಲ್ಲ."

"ನಾನು ಬಿಚ್ಚೋದು ಬೇರೆ ಕಣೇ. ನನ್ನ ಕೈಗೇ ಕಣ್ಣಿದೆ."

ಅಳಿಯ ಒಮ್ಮೆ ನಕ್ಷೆಯತ್ತ, ಒಮ್ಮೆ ಮಾವನತ್ತ ನೋಡಿದ. ಮಾವ ಲೆನ್ಸನ್ನು ಕ್ಯಾಮೆರಾದಿಂದ ಕಳಚಿ ಪಕ್ಕಕ್ಕೆ ತಳ್ಳಿದರು. ನಿಜವಾದದ್ದನ್ನು ಹುಡುಕಿ ತರುತ್ತೇನೆಂದು ಅಳಿಯ ಅದೇ ಲೆನ್ಸ್ ಹಿಡಿದು ಒಳಕೋಣೆಗೆ ಹೋಗಿ, ಗಾಜನ್ನು ಮಗುಚಿ ಹಾಕಿ ತಂದ. "ಬೀರು ಹಿಂದೆ ಬಿದ್ದಿತ್ತು, ಮಾವ."

ಮಾವ ಮತ್ತೆ ಕ್ಲಿಕ್ಕಿಸಿದರು. ಕೆನೆ ಬಂತು. ಅತ್ತೆಗೆ ಇಪ್ಪತ್ತು ವರ್ಷ ಕಡಿಮೆಯಾಯಿತು. ಮಾವ ಕಣ್ಣೊರೆಸಿಕೊಂಡು ಕೀಲಿಕೈಯನ್ನು ಜೇಬಿನಿಂದ ತೆಗೆದರು. ಅಳಿಯ ಕೈಚಾಚಿದ.

"ಅಲ್ಲಾ," ಎಂದ ಕ್ಷೌರಿಕ, "ಹಾಗಾದ್ರೆ ಆ ಇನ್ನೊಂದು ಎಲ್ಲಿ? ಒಳಗೆ ಹೋಗುವಾಗ ಇವರ ಕೈಯಲ್ಲೇ ಇತ್ತು, ನಾನೇ ನೋಡ್ದೆ."

ಕೀಲಿಕೈ ಮತ್ತೆ ಜೇಬಿಗಿಳಿಯಿತು. "ಹೌದಲ್ಲ! ಅಷ್ಟು ಚೂಪಾಗಿ ತೋರಿಸೋ ಲೆನ್ಸ್ ನಾನೂ ಕಂಡಿರಲಿಲ್ಲ. ಎಲ್ಲಿಟ್ಟೆ? ಅದು ಸಿಗೋವರೆಗೂ ಕೀಲಿಕೈ ಕೇಳ್ಬೇಡ."

ಅತ್ತೆ ಅಳಿಯನ ಜೇಬುಗಳನ್ನೇ ದಿಟ್ಟಿಸುತ್ತಿದ್ದರು.

ಕತ್ತಲಾಗುವವರೆಗೂ ನಾಲ್ವರೂ ಹುಡುಕಿದರು. ಎಲ್ಲರಿಗಿಂತ ಶ್ರದ್ಧೆಯಿಂದ ಹುಡುಕಿದವನು ಅಳಿಯನೇ. ಇದ್ದದ್ದು ಒಂದೇ ಲೆನ್ಸ್ ಎಂದಾಗಲಿ, ಆ ಕೆನೆ ಮಾವನದೇ ಕೈತಪ್ಪು ಎಂದಾಗಲಿ ಅವನು ಯಾವತ್ತೂ ಹೇಳಲಿಲ್ಲ.